ಜಾಲರಿಯ ಆಚೆ ಹತ್ತು ದಿನ

"ಯಾರ್ರೀ ಇದನ್ನ ಕಿತ್ತಿದ್ದು?"

ಹಿತ್ತಲಿನ ಜಾಲರಿ ಗೇಟಿನಾಚೆಯಿಂದ ಬಂದ ಆ ಗುಡುಗಿಗೆ ಟೈಲರಮ್ಮನ ಹೊಲಿಗೆ ಯಂತ್ರ ಗಕ್ಕನೆ ನಿಂತಿತು.

ಟೈಲರಮ್ಮ ಎಂದ ಮಾತ್ರಕ್ಕೆ ವಯಸ್ಸಾದವಳೇನಲ್ಲ. ಇನ್ನೂ ಇಪ್ಪತ್ತೊಂಬತ್ತು. ಹತ್ತು ವರ್ಷದಿಂದ ಬೀದಿಯವರೆಲ್ಲರ ಅಳತೆ ಅವಳ ಪುಸ್ತಕದಲ್ಲಿದೆ, ಅದಕ್ಕೇ ಆ 'ಅಮ್ಮ' ಅಂಟಿಕೊಂಡಿತ್ತು. ಕುತ್ತಿಗೆಯಲ್ಲಿ ನೇತಾಡುವ ಟೇಪಿನೊಂದಿಗೇ ಅವಳು ಹಿತ್ತಲಿಗೆ ಓಡಿದಳು.

ಗೇಟಿನಲ್ಲಿ ನಿಂತಿದ್ದವನು ಹಿಂದಿನ ಓಣಿಯ ಶೆಡ್ಡಿಗೆ ಹೊಸದಾಗಿ ಬಂದ ವೆಲ್ಡರ್. ಅವನ ತೋಳುಗಳ ನಡುವೆ, ಅವನದೇ ಅಂಗಿಯಲ್ಲಿ ಸುತ್ತಿದ ಒಂದು ಕೋಳಿ. ಬೆನ್ನಿನ ಮೇಲೆ ಒಂದು ಪುಕ್ಕವೂ ಇಲ್ಲ. ಕೆಂಪಗೆ, ಹಸಿ ಹಸಿಯಾಗಿ...

"ಓಣೀಲಿ ಬಿದ್ದಿತ್ತು! ಜೀವ ಇರೋ ಪ್ರಾಣೀನ ಹೀಗೆ ಕೀಳ್ತಾರಾ? ಕೈಯಾದ್ರೂ ಹೇಗೆ ಬಂತು ನಿಮಗೆ?"

"ಅಯ್ಯೋ! ಕಿತ್ತಿದ್ದು ನಾನಲ್ಲ ಕಣ್ರೀ!" ಅವಳು ಗೇಟು ತೆಗೆದು ಕೋಳಿಯನ್ನು ಕಸಿದುಕೊಂಡಳು. "ಇವಳ ಜೊತೆಗಾರ್ತಿಯರು! ಅಗೋ, ಏನೂ ಗೊತ್ತಿಲ್ಲದವರ ಹಾಗೆ ಮಣ್ಣು ಕೆದಕ್ತಿದ್ದಾರಲ್ಲ, ಅವರು!"

ವೆಲ್ಡರ್ ಹಿತ್ತಲಿನ ಕಡೆ ನೋಡಿದ. ಎಂಟು ಕೋಳಿಗಳು. ಎಂಟೂ ಸಂಭಾವಿತರ ಹಾಗೆ ಮುಖ ಮಾಡಿಕೊಂಡಿದ್ದವು.

"ಕೋಳಿ... ಕೋಳೀನೇ ಕೀಳುತ್ತಾ?"

"ಗುಂಪಲ್ಲಿ ಒಬ್ಬಳು ಸೊರಗಿದ್ರೆ ಸಾಕು. ಇವಳು ಹೆಡ್‌ಮಿಸ್ಸು. ಮೊನ್ನೆ ಮೊನ್ನೆವರೆಗೂ ಎಲ್ಲರೂ ಇವಳಿಗೆ ಹೆದರ್ತಿದ್ರು. ಎರಡು ವಾರ ಹುಷಾರು ತಪ್ಪಿದ್ಲು, ಅಷ್ಟೆ... ಆ ಕಂದು ಬಣ್ಣದವಳು ನೋಡಿ, ಕಂಡಕ್ಟರ್ ಅಂತ. ಟಿಕೆಟ್ ಕೇಳೋ ಹಾಗೆ ಎಲ್ಲರನ್ನೂ ಕುಕ್ಕುತ್ತಾ ಓಡಾಡ್ತಾಳೆ. ಅವಳೇ ಶುರು ಮಾಡಿರ್ತಾಳೆ."

ಅವನು ನಗಲಾರದೆ ನಕ್ಕ. ಆಮೇಲೆ ತಲೆ ತಗ್ಗಿಸಿ, "ತಪ್ಪಾಯ್ತು. ಸುಮ್‌ಸುಮ್ನೆ ಬೈದ್ಬಿಟ್ಟೆ," ಎಂದ.

ಬೈದವನ ಮೇಲೆ ಕೋಪ ಬರಬೇಕಿತ್ತು. ಆದರೆ ಯಾರದೋ ಕೋಳಿಗೆ ತನ್ನ ಅಂಗಿ ಬಿಚ್ಚಿ ಹೊದಿಸಿ, ಬನಿಯನ್ನಿನಲ್ಲಿ ಜಗಳಕ್ಕೆ ಬಂದವನ ಮೇಲೆ ಎಷ್ಟು ಹೊತ್ತು ಕೋಪ ಇಟ್ಟುಕೊಳ್ಳುವುದು?

'ಹುಚ್ಚು ಮನುಷ್ಯ...' ಎಂದುಕೊಂಡಳು. ಹಾಗೆಂದುಕೊಂಡಾಗ ತುಟಿಯ ತುದಿಯಲ್ಲಿ ನಗುವಿತ್ತು, ಪಾಪ, ಅದು ಅವಳಿಗೇ ಗೊತ್ತಿರಲಿಲ್ಲ.

*

ಮೆಟ್ಟಿಲ ಮೇಲೆ ಕೂತಿದ್ದ ಅಜ್ಜಿ ಕೋಳಿಯನ್ನು ನೋಡಿ ನಿಟ್ಟುಸಿರಿಟ್ಟಳು. ಆ ವರ್ಷ ಆಗಲೇ ಮೂರು ಕೋಳಿಗಳು ಹೋಗಿದ್ದವು.

"ನೋಡು ಮಗಳೇ, ಇದೂ ಹೋದ್ರೆ ಉಳಿದದ್ದನ್ನೆಲ್ಲ ಯಾರಿಗಾದ್ರೂ ಕೊಟ್ಬಿಡು. ಗುಂಡಿ ತೋಡಿ ತೋಡಿ ನನಗೆ ಸಾಕಾಗಿದೆ. ಇನ್ನು ಈ ಜೀವಕ್ಕೆ ಆಗಲ್ಲ."

"ಇವಳು ಹೋಗಲ್ಲ ಅಜ್ಜಿ. ನಾನು ಬಿಡಲ್ಲ."

ರೋಗ ಏನೋ ಎಂತೋ, ಉಳಿದವಕ್ಕೆ ಅಂಟಿದರೆ? ಹಾಗೆಂದು ಹೆಡ್‌ಮಿಸ್ಸನ್ನು ಉಗ್ರಾಣದ ಮೂಲೆಯಲ್ಲಿ, ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಇರಿಸಿದಳು. ಬೆಳಿಗ್ಗೆ ಸಂಜೆ ಗಾಯ ತೊಳೆದು ನೇರಳೆ ಬಣ್ಣದ ಔಷಧಿ ಹಚ್ಚಬೇಕು. ಕೆಂಪು ಕಂಡಲ್ಲಿ ಕೋಳಿಗಳು ಕುಕ್ಕುತ್ತವೆ, ಆ ಬಣ್ಣ ಕೆಂಪನ್ನು ಮುಚ್ಚುತ್ತದೆ. ಉಳಿದ ಬಟ್ಟೆ ಚೂರಿನಲ್ಲಿ, ರೆಕ್ಕೆಗೆ ಎಲಾಸ್ಟಿಕ್ ಕೊಟ್ಟು, ಬೆನ್ನಿಗೊಂದು ಪುಟ್ಟ ಅಂಗಿಯನ್ನೂ ಹೊಲಿದಳು.

ಇದಕ್ಕೆಲ್ಲ ಹಿಡಿದುಕೊಳ್ಳಲು ಇನ್ನೊಂದು ಜೊತೆ ಕೈ ಬೇಕಲ್ಲ? ಅಂಗಿ ವಾಪಸ್ ಕೇಳುವ ನೆಪದಲ್ಲಿ ಬಂದ ವೆಲ್ಡರ್ ಆ ಕೈ ಕೊಟ್ಟ. ಮರುದಿನವೂ ಬಂದ. ಅದರ ಮರುದಿನ ನೆಪವೂ ಬೇಕಾಗಲಿಲ್ಲ.

"ಇಷ್ಟು ಚಿಕ್ಕ ಅಂಗಿಗೆ ಕೂಲಿ ಎಷ್ಟು?"

"ಕಾಲರ್ ಬೇಕಿದ್ರೆ ಜಾಸ್ತಿ."

"ಹೆಡ್‌ಮಿಸ್ಸಿಗೆ ಕಾಲರ್ ಇಲ್ದೆ ಹೇಗ್ರೀ!"

ಇಬ್ಬರ ಬೆರಳುಗಳೂ ನೇರಳೆಯಾದವು. ಒಬ್ಬ ಗಿರಾಕಿ ಬಿಳಿ ಅಂಗಿಯ ಮೇಲೆ ಬೆರಳ ಗುರುತು ಕಂಡು ಕೂಗಾಡಿ ಹೋದ. ಆದರೂ ಟೈಲರಮ್ಮ ಆ ದಿನವಿಡೀ ಹಾಡು ಗುನುಗುತ್ತಿದ್ದಳು. ಅಜ್ಜಿಗೆ ಎಲ್ಲ ಅರ್ಥವಾಗಿತ್ತು, ಬಾಯಿ ಬಿಡಲಿಲ್ಲ ಅಷ್ಟೆ.

ಮೂರು ವಾರಕ್ಕೆ ಬೆನ್ನ ಮೇಲೆ ಎಳೆ ಗರಿಗಳು ಸೂಜಿಮೊನೆಯಂತೆ ಇಣುಕಿದವು. ರೋಗದ ಸುಳಿವಿರಲಿಲ್ಲ. ಆದರೂ ಅವಳು ಕೋಳಿಯನ್ನು ಉಗ್ರಾಣದಲ್ಲೇ ಉಳಿಸಿಕೊಂಡಳು. ಅಲ್ಲಾದರೆ ಏನೂ ಆಗುವುದಿಲ್ಲ, ಭದ್ರ... ಎಂಬ ಲೆಕ್ಕ.

*

ಅವತ್ತು ಹೊಲಿದ ಬಟ್ಟೆ ತಲುಪಿಸಿ ಮಧ್ಯಾಹ್ನ ಮನೆಗೆ ಬಂದವಳು ಹಿತ್ತಲಿನಿಂದ ಕೇಳಿದ ಸದ್ದಿಗೆ ಅತ್ತ ಓಡಿದಳು.

ಕೋಳಿಗಳೆಲ್ಲ ಒಂದು ಕಡೆ ಮುಗಿಬಿದ್ದಿದ್ದವು. ನಡುವೆ ವೆಲ್ಡರ್ ಮಂಡಿಯೂರಿ, ಹೆಡ್‌ಮಿಸ್ಸನ್ನು ಎದೆಗೆ ಅವಚಿಕೊಂಡು, ಇನ್ನೊಂದು ಕೈಯಿಂದ ಕಂಡಕ್ಟರನ್ನು ದೂಡುತ್ತಿದ್ದ. ಹೆಡ್‌ಮಿಸ್ಸಿನ ಜುಟ್ಟು ಹರಿದಿತ್ತು. ಒಂದು ಕಣ್ಣು ಮುಚ್ಚಿಹೋಗಿತ್ತು. ಪುಟ್ಟ ಅಂಗಿ ಚಿಂದಿಯಾಗಿ ಮಣ್ಣಲ್ಲಿ ಬಿದ್ದಿತ್ತು.

"ಯಾರನ್ನ ಕೇಳಿ ಬಿಟ್ರಿ ಇವಳನ್ನ?"

"ಒಬ್ಬಳೇ... ಕತ್ತಲಲ್ಲಿ ಕೂಗ್ತಾನೇ ಇದ್ಲು. ಕೇಳೋಕಾಗ್ಲಿಲ್ಲ ನನಗೆ. ವಾಸಿಯಾಗಿದೆಯಲ್ಲ, ತನ್ನವರ ಜೊತೆ ಇರಲಿ ಅಂತ..."

"ಇವರು ಇವಳ ಮುಖ ನೋಡಿ ಮೂರು ವಾರ ಆಯ್ತು! ಇವರ ಪಾಲಿಗೆ ಇವಳು ಯಾರೋ ಹೊಸಬಳು! ಗೊತ್ತಿಲ್ಲದಿದ್ರೆ ಕೈ ಕಟ್ಕೊಂಡು ಸುಮ್ನಿರಬೇಕು. ಕನಿಕರ ಅಂತೆ ಕನಿಕರ... ಇನ್ಮೇಲೆ ಈ ಗೇಟು ದಾಟಬೇಡಿ!"

ಅವನ ಮುಂಗೈಯಿಂದಲೂ ರಕ್ತ ಇಳಿಯುತ್ತಿತ್ತು. ಅವನು ಕೋಳಿಯನ್ನು ಅವಳ ಕೈಗಿತ್ತು ಹೊರಟುಹೋದ. ಗೇಟನ್ನು ಮಾತ್ರ ಜೋಪಾನವಾಗಿ ಹಾಕಿಕೊಂಡು ಹೋದ.

ಅದನ್ನು ನೋಡಿ ಅವಳಿಗೆ ಅಳು ಒತ್ತರಿಸಿ ಬಂತು. ಆದರೆ ಅಳಲು ಪುರುಸೊತ್ತೆಲ್ಲಿತ್ತು?

ಉಪ್ಪುನೀರಲ್ಲಿ ಕಣ್ಣು ತೊಳೆಯಬೇಕು. ಗಂಟೆಗೊಮ್ಮೆ ಕೊಕ್ಕಿನ ಅಂಚಿಗೆ ಹನಿ ಹನಿ ನೀರು ಹಾಕಬೇಕು. ಎರಡನೆಯ ದಿನ ಹೆಡ್‌ಮಿಸ್ಸು ತಲೆ ಎತ್ತಲಿಲ್ಲ. "ಬಿಡು ಮಗಳೇ, ಹಿಂಸೆ ಕೊಡಬೇಡ," ಎಂದಳು ಅಜ್ಜಿ.

"ಬಿಡಲ್ಲ ಅಜ್ಜಿ! ಇವಳು ಬದುಕೋದಷ್ಟೇ ಅಲ್ಲ, ಆ ಗುಂಪಿನ ಮಧ್ಯೆ ನಿಂತು ಕಾಳು ತಿನ್ನಬೇಕು. ಅದನ್ನ ನೋಡೇ ನೋಡ್ತೀನಿ."

ಐದನೆಯ ದಿನ ಕಣ್ಣು ತೆರೆಯಿತು. ಆದರೆ ಕಾಳು ಮುಟ್ಟಲಿಲ್ಲ. ಹಿತ್ತಲಿನ ಕಡೆಯ ಗೋಡೆಗೆ ತಲೆ ಆನಿಸಿ, ಆಚೆಯಿಂದ ಬರುವ ಕೋಳಿಗಳ ಸದ್ದನ್ನು ಕೇಳುತ್ತಾ ನಿಂತುಬಿಟ್ಟಿತು.

*

ಅದೇ ದಿನ ಪರದೆ ಹೊಲಿಸಲು ಒಬ್ಬಾಕೆ ಬಂದಳು. ಟೈಲರಮ್ಮನ ನೇರಳೆ ಬೆರಳು ನೋಡಿ, "ಓ... ನಮ್ಮ ತಮ್ಮನ ಕೈಗೂ ಇದೇ ಬಣ್ಣ," ಎಂದಳು. ವೆಲ್ಡರನ ಅಕ್ಕ!

ಟೈಲರಮ್ಮ ಮುಖ ಬಿಗಿ ಮಾಡಿಕೊಂಡು ಪರದೆ ಅಳೆಯತೊಡಗಿದಳು.

"ನಿಮ್ಮ ಕೋಳಿ ಹೇಗಿದೆಯಮ್ಮ? ಐದು ದಿನದಿಂದ ಅವನ ಗಂಟಲಲ್ಲಿ ಅನ್ನ ಇಳೀತಿಲ್ಲ." ಅಕ್ಕ ದನಿ ತಗ್ಗಿಸಿದಳು. "ಏಳು ವರ್ಷದವನಿದ್ದಾಗ ಅವನಿಗೆ ಶ್ವಾಸಕೋಶದ ಕಾಯಿಲೆ. ಅಂಟುತ್ತೆ ಅಂತ ನಾಲ್ಕು ತಿಂಗಳು ಬೇರೆ ಕೋಣೇಲಿ ಇಟ್ಟಿದ್ರು. ನಾವು ಹೊರಗೆ ಆಡ್ತಿದ್ರೆ ಒಳಗಿಂದ ಬಾಗಿಲು ತಟ್ತಿದ್ದ. ಅಕ್ಕಾ, ಬಾಗಿಲು ತೆಗೀಬೇಡ, ಮಾತಾಡ್ತಾ ಇರು ಸಾಕು ಅಂತಿದ್ದ... ನಾನು ಆಟದ ಗದ್ದಲದಲ್ಲಿ ಕೇಳಿಸ್ಕೊಳ್ತಿರಲಿಲ್ಲ."

ಟೈಲರಮ್ಮನ ಕೈಯಲ್ಲಿದ್ದ ಟೇಪು ಕೆಳಗೆ ಜಾರಿತು.

'ದೇವರೇ, ಎಂಥ ಮಾತಾಡಿಬಿಟ್ಟೆ ನಾನು!'

ಅವನು ಬಿಟ್ಟಿದ್ದು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕೋಳಿಗಳು ಹೆಡ್‌ಮಿಸ್ಸನ್ನು ಮರೆತದ್ದಾದರೂ ಏಕೆ? ರೋಗವಿಲ್ಲ ಎಂದು ತಿಳಿದ ಮೇಲೂ ಯಾರ ಕಣ್ಣಿಗೂ ಬೀಳದಂತೆ ಬಚ್ಚಿಟ್ಟವಳು ತಾನಲ್ಲವೇ? ಭದ್ರ ಭದ್ರ ಎಂದು ಕತ್ತಲಲ್ಲಿ ಕೂರಿಸಿದವಳು! ಬಾಗಿಲು ತೆಗೆಯುವುದು ಬೇಡವಾಗಿತ್ತು. ಆಚೆ ಈಚೆ ಕಾಣುವಂತಿದ್ದರೆ ಸಾಕಿತ್ತು.

ಅಕ್ಕ ಹೋದದ್ದೇ ತಡ, ಅವಳು ಓಣಿ ದಾಟಿ ಶೆಡ್ಡಿನ ಮುಂದೆ ನಿಂತಳು. ವೆಲ್ಡರ್ ಮುಖದ ಕವಚ ಮೇಲೆತ್ತಿದ. ಐದು ದಿನದಲ್ಲಿ ಎಷ್ಟು ಸೊರಗಿದ್ದಾನೆ!

ಕ್ಷಮೆ ಕೇಳಬೇಕೆಂದು ಬಂದವಳ ಬಾಯಿಂದ ಬಂದದ್ದು ಮಾತ್ರ ಅಳತೆ.

"ಒಂದು ಪಂಜರ ಬೇಕು. ಮೂರಡಿ ಉದ್ದ, ಎರಡಡಿ ಅಗಲ. ನಾಲ್ಕೂ ಕಡೆ ಜಾಲರಿ. ಹಿತ್ತಲಿನ ನಟ್ಟನಡುವೆ ಇಡ್ತೀನಿ. ಹೆಡ್‌ಮಿಸ್ಸು ಉಳಿದವರನ್ನ ನೋಡಬೇಕು, ಅವರು ಅವಳನ್ನ ನೋಡಬೇಕು. ಕೊಕ್ಕು ಮಾತ್ರ ತಾಗಬಾರದು."

ಅವನ ಕಣ್ಣು ತುಂಬಿತು. "ಬದುಕಿದ್ದಾಳಾ?"

"ಹ್ಞೂಂ... ಬದುಕಿದ್ದಾಳೆ."

ಸಂಜೆಯೊಳಗೆ ಪಂಜರ ಸಿದ್ಧವಾಯಿತು. ಚೂಪಾದ ಅಂಚನ್ನೆಲ್ಲ ಅವನು ಕೈಯಿಂದ ತಡವಿ ತಡವಿ ಉಜ್ಜಿದ್ದ. ಆದರೆ ಗೇಟಿನ ಬಳಿ ಬಂದವನು ಅಲ್ಲೇ ನಿಂತ. ಪಂಜರವನ್ನು ಗೇಟಿನ ಮೇಲಿಂದ ಎತ್ತಿ ಕೊಟ್ಟ.

"ಒಳಗೆ..." ಎಂದಳು ಅವಳು.

"ದಾಟಬೇಡ ಅಂದಿದ್ರಲ್ಲ. ಇಲ್ಲಿಂದಾನೇ ಕಾಣುತ್ತೆ, ಪರವಾಗಿಲ್ಲ."

ಅಯ್ಯೋ, ಎಂಥ ಹಟಮಾರಿ! ಇವಳಾದರೂ ಕಡಿಮೆಯೇ? ಒಂದು 'ಬನ್ನಿ' ಹೇಳಲು ಇವಳಿಗೆ ನಾಲಿಗೆ ಏಳಲಿಲ್ಲ.

ಮೊದಲ ದಿನ ಕಂಡಕ್ಟರ್ ಜಾಲರಿಗೆ ಕುಕ್ಕಿ ಕುಕ್ಕಿ ಕೊಕ್ಕು ನೋಯಿಸಿಕೊಂಡಳು. ನಾಲ್ಕನೆಯ ದಿನ ಬೇಸತ್ತು ಪಂಜರದ ನೆರಳಲ್ಲೇ ಮಲಗಿದಳು. ಆರನೆಯ ದಿನ ಒಳಗಿನವಳು, ಹೊರಗಿನವರು ಒಟ್ಟಿಗೆ ಕಾಳು ತಿಂದರು, ನಡುವೆ ಜಾಲರಿಯಷ್ಟೆ. ಹೆಡ್‌ಮಿಸ್ಸಿನ ಬೆನ್ನು ತುಂಬಿ ಬಂತು.

ದಿನಾ ಬೆಳಿಗ್ಗೆ ಗೇಟಿನಾಚೆ ವೆಲ್ಡರ್ ನಿಂತಿರುತ್ತಿದ್ದ. "ಇವತ್ತು ಹೇಗೆ?" ಎಂದು ಕೇಳುತ್ತಿದ್ದ. "ಪರವಾಗಿಲ್ಲ," ಎನ್ನುತ್ತಿದ್ದಳು. ಅಷ್ಟೇ ಮಾತು. ಆ ಒಂದು ಮಾತಿಗಾಗಿ ಅವಳು ಬೆಳಿಗ್ಗೆ ತಲೆ ಬಾಚಿಕೊಂಡು ಬರುತ್ತಿದ್ದುದನ್ನು ಅಜ್ಜಿ ನೋಡಿಯೂ ನೋಡದವಳಂತಿದ್ದಳು.

ಹತ್ತನೆಯ ಬೆಳಿಗ್ಗೆ. ಹಿತ್ತಲಿನ ತುಂಬ ಕಾಳು ಎರಚಿ, ಅವಳು ಪಂಜರದ ಬಾಗಿಲು ತೆಗೆದಳು.

ಹೆಡ್‌ಮಿಸ್ಸು ಹೊರಗೆ ಹೆಜ್ಜೆಯಿಟ್ಟಳು. ಕಂಡಕ್ಟರ್ ಕತ್ತು ಉಬ್ಬಿಸಿಕೊಂಡು ಬಂದೇಬಿಟ್ಟಳು! ಒಂದು ಸಲ ಕುಕ್ಕಿದಳು. ಗೇಟಿನಾಚೆಯವನು ಜಾಲರಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಈ ಸಲ ಒಳಗೆ ನುಗ್ಗಲಿಲ್ಲ.

ಹೆಡ್‌ಮಿಸ್ಸು ತಿರುಗಿ ಕುಕ್ಕಿದಳು! ಎರಡೂ ಒಂದು ಕ್ಷಣ ಮುಖಾಮುಖಿ ನಿಂತವು. ಆಮೇಲೆ ಕಂಡಕ್ಟರ್ ಏನೂ ಆಗದವಳಂತೆ ಪಕ್ಕದ ಕಾಳಿಗೆ ಬಾಗಿದಳು. ಹೆಡ್‌ಮಿಸ್ಸು ಅವಳ ಪಕ್ಕದಲ್ಲೇ ನಿಂತು ತಿನ್ನತೊಡಗಿದಳು.

ಮೆಟ್ಟಿಲ ಮೇಲಿಂದ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಗುದ್ದಲಿ ಒಳಗಿಡು ಮಗಳೇ. ಇನ್ನು ಅದರ ಕೆಲಸ ಇಲ್ಲ."

ಟೈಲರಮ್ಮ ಅಳುತ್ತಾ ನಗುತ್ತಾ ಗೇಟಿನ ಹತ್ತಿರ ಬಂದಳು. ಜಾಲರಿ ಹಿಡಿದ ಅವನ ಬೆರಳುಗಳು ಇನ್ನೂ ಸ್ವಲ್ಪ ನೇರಳೆಯಾಗಿಯೇ ಇದ್ದವು. ಅವಳು ಅವುಗಳ ಮೇಲೆ ತನ್ನ ಬೆರಳಿಟ್ಟಳು.

"ಅವತ್ತು ಕೆಟ್ಟದಾಗಿ ಮಾತಾಡಿದೆ. ಕ್ಷಮಿಸಿ. ನಿಮ್ಮ ಅಕ್ಕ ಎಲ್ಲಾ ಹೇಳಿದ್ರು."

"ನಾನು ಮಾಡಿದ್ದೂ ತಪ್ಪೇ ಅಲ್ವಾ?"

"ತಪ್ಪೇ. ಆದ್ರೆ... ಒಬ್ಬಳೇ ಕೂಗ್ತಿದ್ರೆ ಕೇಳೋಕಾಗ್ಲಿಲ್ಲ ಅಂದ್ರಲ್ಲ, ಅಂಥವರು ನನಗೆ ಬೇಕು. ನೀವು ಬೇಕು ನನಗೆ."

ಅವಳು ಗೇಟಿನ ಚಿಲಕ ತೆಗೆದಳು.

"ಬನ್ನಿ ಒಳಗೆ. ಹತ್ತು ದಿನ ಗೇಟಲ್ಲೇ ನಿಂತಿದ್ದಾಯ್ತು."

"ಕುಕ್ಕಲ್ವಾ?" ಅವನು ಕಣ್ಣೊರೆಸಿಕೊಂಡು ಕೇಳಿದ.

"ಒಂದೆರಡು ಸಲ ಕುಕ್ತೀನಿ. ಓಡಿಹೋಗಬೇಡಿ."

"ಹೋಗಲ್ಲ," ಎಂದು ಅವನು ಒಳಗೆ ಬಂದ.