ಕೂಳೆ ಗೋಧಿ

“ನಿಲ್ಲಸ್ರಿ... ಟ್ರ್ಯಾಕ್ಟರ್ ನಿಲ್ಲಸ್ರಿ ಅಂದ್ನಿ!”

ಗೋಧಿ ಕೊಯ್ದ ಹೊಲದ ನಡುವೆ ಎರಡೂ ಕೈ ಚಾಚಿ ನಿಂತ ಹುಡುಗಿಯನ್ನು ಕಂಡು ಸಮ್ಮೇದ ಗಕ್ಕನೆ ಬ್ರೇಕ್ ಒತ್ತಿದ.

“ಸಾಯಾಕ ಬ್ಯಾರೆ ಹೊಲಾ ಸಿಗಲಿಲ್ಲೇನ್ರಿ ನಿಮಗ?”

“ನಮ್ಮ ಹೊಲಾನ ಇದು. ಯಾರು ಕಳಿಸಿದ್ರು ನಿಮ್ಮನ್ನ?”

“ನಿಮ್ಮಪ್ಪಾರ. ಸುಗ್ಗಿ ಆತು, ರೋಟಾವೇಟರ್ ಹೊಡಿ ಅಂದ್ರು.”

ತೃಪ್ತಿಗೆ ಅಳುವೇ ಬಂತು. ಕೃಷಿ ಓದಿ ಜುಗೂಳಕ್ಕೆ ಮರಳಿದವಳು ಅಪ್ಪ ಕಾಕಾಸಾಹೇಬನನ್ನು ಕಾಡಿ ಬೇಡಿ ಪಡೆದ ತುಂಡು ನೆಲ ಅದು. ಕಬ್ಬಿಗೆ ಹಾಯಿಸಿದ ನೀರು ಕುಡಿದೂ ಕುಡಿದೂ ಸವಳಾಗುತ್ತಿದ್ದ ನೆಲ. ಅಲ್ಲಿ ಅವಳು ಬಹುವಾರ್ಷಿಕ ಗೋಧಿ ಬಿತ್ತಿದ್ದಳು.

“ಇದರ ಬೇರು ಸಾಯಂಗಿಲ್ರಿ. ಮತ್ತ ಚಿಗರತೈತಿ. ವರ್ಷಾ ವರ್ಷಾ ನೆಲಾ ಹರಗೂದಿಲ್ಲ, ಬಿತ್ತೂದಿಲ್ಲ. ಬೇರು ಆಳಕ್ಕ ಇಳದು ಮಣ್ಣ ಹಿಡಕೊಂತೈತಿ.”

“ಗೋಧಿ ಮತ್ತ ಚಿಗರತೈತಿ? ಯಾರಿಗಿ ಹೇಳಾಕತ್ತೀರಿ?”

“ನಿಮ್ಮ ಕೂಳೆ ಕಬ್ಬು ಕಡದ ಮ್ಯಾಲ ಚಿಗರೂದಿಲ್ಲೇನು? ಇದೂ ಹಂಗ ತಿಳ್ಕೋರಿ.”

ಆ ಮಾತು ಸಮ್ಮೇದನಿಗೆ ಥಟ್ಟನೆ ಹಿಡಿಸಿತು. ಹೇಳಿದವಳೂ ಹಿಡಿಸಿದಳು... ಅವನು ಟ್ರ್ಯಾಕ್ಟರ್ ತಿರುಗಿಸಿದ.

ಸಮ್ಮೇದ ಉಗಾರ ಖುರ್ದದವನು. ತಾಯಿಯ ಪಾಲಿಗೆ ಬಂದ ಪಕ್ಕದ ಹೊಲವನ್ನು ಈ ವರ್ಷವಷ್ಟೇ ನೋಡಿಕೊಳ್ಳಲು ಬಂದಿದ್ದ. ಅಂದಿನಿಂದ ಅವನಿಗೆ ಬದುವಿನ ಮೇಲೆ ದಿನವೂ ಏನಾದರೊಂದು ಕೆಲಸ. ಒಮ್ಮೆ ಅವಳು ಹಿಡಿ ಮಣ್ಣೆತ್ತಿ ಎರೆಹುಳು ತೋರಿಸಿದಳು. ಅವನು ಹುಳುವನ್ನು ಬಿಟ್ಟು ಅವಳನ್ನೇ ನೋಡಿದ.

ತೃಪ್ತಿಯ ಅವ್ವ ಕುಸುಮ ಗೋಧಿಯ ಪರವಾಗಿದ್ದಳು. “ನೆಲಾ ಹರಗೂದಿಲ್ಲಂದ್ರ ಹುಳಾ ಸಾಯಂಗಿಲ್ಲ. ನಮ್ಮಂಥ ಜೈನರಿಗೆ ಒಪ್ಪೂ ಬೆಳಿ ಬಿಡು.”

ಕಾಕಾಸಾಹೇಬ ಮಾತ್ರ ಗಡುವು ಕೊಟ್ಟ. “ಅಕ್ಷಯ ತದಿಗಿ ತನಕಾ ನೋಡ್ತೇನಿ. ಹೊಲಾ ಹಸರಾಗ್ಲಿಲ್ಲಂದ್ರ ಕಬ್ಬು ಹಚ್ಚಾಂವ.”

ಅಷ್ಟರಲ್ಲಿ ತೃಪ್ತಿ ಏಕಸಂಬಿಯ ಮಾವಶಿಯ, ಅವ್ವನ ತಂಗಿಯ ಮನೆಗೆ ಹೋಗಬೇಕಾಯಿತು. ತಿರುಗಿ ಬಂದವಳು ಬಸ್ಸಿಳಿದು ನೇರ ಹೊಲಕ್ಕೇ ನಡೆದಳು. 

ಹೊಲ ಕಪ್ಪಗೆ ಸುಟ್ಟಿತ್ತು. ಬೂದಿಯ ಮೇಲೆ ಪಾದ ಮುಳುಗುವಷ್ಟು ನೀರು. ನೀರಿನ ನಡುವೆ ಸಲಿಕೆ ಹಿಡಿದು ನಿಂತವನು... ಸಮ್ಮೇದ.

“ತೃಪ್ತಿಯವರ, ನೋಡ್ರಿಲ್ಲೆ, ನಾನ—”

“ಕಬ್ಬು ಹಚ್ಚಾಕ ಜಾಗಾ ಹಸನ ಮಾಡಿದ್ರಿ. ಅಪ್ಪಾರ ಸಂಗಟ ಸೇರಿ ಚಲೋ ಕೆಲಸಾ ಮಾಡಿದ್ರಿ... ಹೋಗ್ರಿ.”

ಅವನ ಮುಖ ಬಾಡಿತು. ಸಲಿಕೆ ಅಲ್ಲೇ ಬಿಟ್ಟು ನಡೆದುಬಿಟ್ಟ.

ಮನೆಯಲ್ಲಿ ಮಗಳ ಅಳು ಕೇಳಿ ಕುಸುಮ ಪಕ್ಕದಲ್ಲಿ ಕುಳಿತಳು. “ಹುಚ್ಚಿ... ನಿಮ್ಮಪ್ಪಗ ಗೊತ್ತ ಇಲ್ಲ. ಆ ಹುಡುಗ ತಾನಾಗೇ ರವದಿ ಸುಟ್ಟು ನೀರ ಹಾಯಿಸಿದ. ‘ಅವರು ಬರೂದ್ರಾಗ ಚಿಗರಬೇಕ್ರಿ ಅತ್ತಿ, ಇದು ಕೂಳೆ ಐತಿ’ ಅಂತಿದ್ದ.”

ತೃಪ್ತಿಯ ಅಳು ನಿಂತುಹೋಯಿತು.

ಕೂಳೆ... ಈ ಸೀಮೆಯಲ್ಲಿ ಕಬ್ಬು ಕಡಿದ ಮೇಲೆ ಎಲ್ಲರೂ ಉಳಿದ ಒಣಗರಿಯ ರವದಿ ಸುಡುತ್ತಾರೆ, ನೀರು ತುಂಬುತ್ತಾರೆ. ಕೂಳೆಗೆ ಮಾಡುವ ಆರೈಕೆಯೇ ಅದು! ‘ಹಂಗ ತಿಳ್ಕೋರಿ ಅಂದಾಕಿ ನಾನ. ಪಾಪ, ಹಂಗ ತಿಳಕೊಂಡಾನ...’

ಅವಳು ನೀರು ಬಸಿದುಹೋಗಲು ಬದು ಕಡಿದಳು. ಸಮ್ಮೇದ ಮಾತ್ರ ಆ ಕಡೆ ಸುಳಿಯಲಿಲ್ಲ. ಬದು ಬಿಕೋ ಎನ್ನುತ್ತಿತ್ತು.

ಅಕ್ಷಯ ತದಿಗೆ ಬಂತು. ಬಸದಿಯಲ್ಲಿ ಹಬ್ಬದ ಕಬ್ಬಿನ ಹಾಲು ಕುಡಿದು ಕಾಕಾಸಾಹೇಬ ಮಗಳೊಂದಿಗೆ ಹೊಲಕ್ಕೆ ಬಂದ. ನೀರು ನಿಂತ ತಗ್ಗಿನಲ್ಲಿ ಬೇರುಗಳು ಕೊಳೆತಿದ್ದವು. ದಿಬ್ಬದ ಅಂಚಿನಲ್ಲಷ್ಟೇ ಒಂದಿಷ್ಟು ಎಳೆ ಹಸಿರು.

“ಇಷ್ಟ ಹಸರಕ್ಕ ಹೊಲಾ ಬಿಡ್ಲೇನವಾ?”

 ಹಿಂದಿನಿಂದ ಸಮ್ಮೇದನ ದನಿ ಬಂತು.

“ಕಾಕಾ, ತಪ್ಪ ನಂದು. ನಿಮ್ಮ ಕಬ್ಬು ನನ್ನ ಹೊಲದಾಗ ಹಚ್ಚರಿ. ಈ ತುಂಡು ಇನ್ನೊಂದು ವರ್ಷಾ ಅವರಿಗೆ ಬಿಡ್ರಿ.”

ಕಾಕಾಸಾಹೇಬ ಸಮ್ಮೇದನನ್ನು ನೋಡಿದ, ಮಗಳನ್ನು ನೋಡಿದ, ಟೊಪ್ಪಿಗೆ ಸರಿಮಾಡಿಕೊಂಡ.

“ನಿನ್ನ ಹೊಲಾ ನಿನಗ ಇರಲೋ ಮಾರಾಯಾ. ಇನ್ನೊಂದು ವರ್ಷಾ ಬಿಟ್ಟೇನಿ. ಆದ್ರ ಕಡ್ಡಿಪೆಟ್ಟಿಗಿ ಮನ್ಯಾಗ ಇಟ್ಟ ಬಾ.”

ಅವನು ನಗುತ್ತಾ ಊರ ಕಡೆ ಹೊರಟ. ಉಳಿದವರು ಇಬ್ಬರೇ.

“ಅವತ್ತ ನಿಮ್ಮ ಮಾತು ಮುಗಸಾಕ ಬಿಡಲಿಲ್ಲ ನಾ...” ತೃಪ್ತಿ ತಲೆ ತಗ್ಗಿಸಿದಳು. “ಗೋಧಿ ಸಲುವಾಗಿ ಇದ್ದ ಹೊಲಾನ ಕೊಡಾಕ ಬಂದ್ರ್ಯಾ?”

“ಗೋಧಿ ಅಂಗಡ್ಯಾಗೂ ಸಿಗತೈತ್ರಿ.”

ಅವಳ ಕೆನ್ನೆ ಕೆಂಪಾಯಿತು. “ಇನ್ನ ಮ್ಯಾಲ ಏನ ಮಾಡೂದಿದ್ರೂ ಮೊದಲ ನನ್ನ ಕೇಳ್ರಿ.”

“ಹಂಗಾರ ಈಗ ಕೇಳ್ತೇನಿ... ನಮ್ಮವ್ವನ್ನ ನಿಮ್ಮ ಮನಿಗಿ ಕರಕೊಂಡ ಬರ್ಲೇನು?”

ತೃಪ್ತಿ ಬಗ್ಗಿ ಎಳೆ ಗೋಧಿಯ ಮೇಲಿನ ಬೂದಿಯನ್ನು ಬೆರಳಿನಿಂದ ಮೆಲ್ಲಗೆ ಒರೆಸಿದಳು.

“ಹೊತ್ತು ಮುಳಗೂದ್ರಾಗ ಬರ್ರಿ. ಕತ್ತಲಾದ ಮ್ಯಾಲ ಜೈನರ ಮನ್ಯಾಗ ಊಟಾ ಇರೂದಿಲ್ಲ.”

“ಅಂದ್ರ... ಇವತ್ತ?”

“ಮತ್ತ? ಮುಂದಿನ ಸುಗ್ಗಿ ತನಕಾ ಕಾಯ್ತೀರೇನು?”