ಸೋಮವಾರ ರಜೆ

ಎದುರಿನ ಸಿಲ್ವಿಯೊನ ಹೋಟೆಲಿಗೆ ಇಡೀ ಒಂದು ಪುಟ. ತನ್ನ ಹೋಟೆಲಿಗೆ ಎರಡೇ ಸಾಲು. ಬೆನ್ನೊ ಈರುಳ್ಳಿ ಹೆಚ್ಚುವುದನ್ನು ಬಿಟ್ಟು ಆ ಹಳದಿ ರಟ್ಟಿನ ಪುಸ್ತಕವನ್ನು ಮತ್ತೊಮ್ಮೆ ಓದಿದ. ಎಷ್ಟು ಸಲ ಓದಿದರೂ ಎರಡು ಸಾಲು ಮೂರಾಗಲಿಲ್ಲ.

‘ಮದುವೆ ಸೂಪು ಚೆನ್ನಾಗಿದೆ. ಸೋಮವಾರ ರಜೆ.’

ಅಷ್ಟೇ. ಆ ಕಡೆಯ ಮದುವೆಗಳಲ್ಲಿ ಬಡಿಸುವ ಸೂಪು ಅದು, ಬೆನ್ನೊ ದಿನವೂ ಮಾಡುತ್ತಿದ್ದ. ಸಿಲ್ವಿಯೊನ ಪುಟ ನೋಡಿದರೆ ಹೊಟ್ಟೆ ಉರಿಯುವಂತಿತ್ತು. ‘ಸಾಸಿವೆ ಸಾಸಿನಲ್ಲಿ ಬೆಂದ ಇಲ್ಲಿನ ಹಂದಿಮಾಂಸವನ್ನು ಬಾಯಲ್ಲಿಟ್ಟರೆ ಹಲ್ಲಿಗೆ ಕೆಲಸವೇ ಇಲ್ಲ. ಕಿಟಕಿ ಪಕ್ಕದ ಮೇಜು ಸಿಕ್ಕರೆ ಬಿಡಬೇಡಿ. ಅಲ್ಲಿ ಕುಳಿತವರಿಗೆ ಏಳಲು ಮನಸ್ಸು ಬರುವುದಿಲ್ಲ.’

ಬರೆದವಳು ಜರ್ಮನಿಯ ಆ ಬೌಟ್ಸೆನ್ ಊರಿನ ರಮೋನಾ. ‘ಬೌಟ್ಸೆನ್‌ನವರು ಉಣ್ಣುವ ಜಾಗಗಳು’ ಎಂಬ ಆ ಪುಸ್ತಕವನ್ನು ಪ್ರತಿ ಶರತ್ಕಾಲದಲ್ಲಿ ಹೊರತರುತ್ತಿದ್ದಳು. ಅವಳ ನಿಜವಾದ ಕೆಲಸ ಕೂದಲು ಕತ್ತರಿಸುವುದು. ಕತ್ತರಿ ತಲೆಯ ಮೇಲೆ ಆಡತೊಡಗಿದರೆ ಊರಿನವರ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಯಾರ ಹೋಟೆಲಿನಲ್ಲಿ ಆಲೂಗಡ್ಡೆ ಉಂಡೆ ಕಲ್ಲಾಗಿತ್ತು, ಯಾರು ನಿನ್ನೆಯ ಮೀನನ್ನು ಇವತ್ತು ಬಡಿಸಿದರು, ಎಲ್ಲವೂ ಅವಳ ಕಿವಿಗೆ ಬೀಳುತ್ತಿತ್ತು. ಆಮೇಲೆ ತಾನೇ ಹೋಗಿ ಉಂಡು ಬರೆಯುತ್ತಿದ್ದಳು. ಅವಳು ಚೆನ್ನಾಗಿದೆ ಎಂದರೆ ಮುಗಿಯಿತು, ಊರು ಅಲ್ಲಿಗೆ ನುಗ್ಗುತ್ತಿತ್ತು.

ಬೆನ್ನೊನಿಗೆ ಊರು ನುಗ್ಗುವುದು ಬೇಕಿರಲಿಲ್ಲ. ಅವಳ ಕೈಯಿಂದ ಮೂರನೆಯ ಸಾಲು ಬೇಕಿತ್ತು.

“ಹೊಟ್ಟೆಕಿಚ್ಚಿನ ವಾಸನೆ ಬರ್ತಿದೆಯೋ, ಈರುಳ್ಳಿ ಸೀದ ವಾಸನೆಯೋ?” ತಟ್ಟೆಗಳನ್ನು ಹೊತ್ತು ಒಳಗೆ ಬಂದ ಊರ್ಸುಲಾ ಚಿಕ್ಕಮ್ಮ ಕೇಳಿದಳು. ಬೆನ್ನೊ ಅಡುಗೆಮನೆ ನೋಡಿಕೊಂಡರೆ ಬಡಿಸುವುದು, ಬಯ್ಯುವುದು ಎರಡೂ ಚಿಕ್ಕಮ್ಮನ ಪಾಲು.

“ಸೂಪು ಚೆನ್ನಾಗಿದೆಯಂತೆ. ನೋಡು ಚಿಕ್ಕಮ್ಮಾ, ನಲ್ಲಿ ನೀರು ಚೆನ್ನಾಗಿದೆ ಅಂದ ಹಾಗೆ.”

“ದಿನಾ ಮದುವೆ ಸೂಪು ಮಾಡ್ತೀಯ, ನಿನ್ನ ಮದುವೆಗೆ ಮಾತ್ರ ಒಲೆ ಹಚ್ಚಲಿಲ್ಲ. ಅವಳಾದರೂ ಏನು ಬರೀಬೇಕು?”

ಬೆನ್ನೊ ಮತ್ತೆ ಈರುಳ್ಳಿ ಹೆಚ್ಚತೊಡಗಿದ. ನಲವತ್ತರ ಹತ್ತಿರ ಬಂದ ಗಂಡಸು ಚಿಕ್ಕಮ್ಮನ ಬಾಯಿಗೆ ಬಿದ್ದು ಗೆದ್ದ ಉದಾಹರಣೆ ಆ ಬೀದಿಯಲ್ಲಿ ಇರಲಿಲ್ಲ.

ಅವನ ಉರಿಗೆ ಪುಸ್ತಕವೊಂದೇ ಕಾರಣವಲ್ಲ. ಬೌಟ್ಸೆನ್‌ನ ಹೋಟೆಲಿನವರು ಹೆಂಡತಿಯನ್ನು ಬದಲಾಯಿಸಿದರೂ ವಾರದ ರಜೆಯನ್ನು ಬದಲಾಯಿಸುವವರಲ್ಲ. ಅಪ್ಪನ ಕಾಲದಲ್ಲಿ ಸೋಮವಾರ ಬಾಗಿಲು ಹಾಕಿದ್ದರೆ ಮಗನ ಕಾಲದಲ್ಲೂ ಸೋಮವಾರವೇ. ಅಂಥದ್ದರಲ್ಲಿ ಈ ವಸಂತದಲ್ಲಿ ಸಿಲ್ವಿಯೊ ಇದ್ದಕ್ಕಿದ್ದಂತೆ ರಜೆಯನ್ನು ಸೋಮವಾರದಿಂದ ಮಂಗಳವಾರಕ್ಕೆ ತಳ್ಳಿದ್ದ. ಆ ಊರಿನ ಕ್ಷೌರದಂಗಡಿಗಳಿಗೆ ಸೋಮವಾರ ರಜೆ ಎಂಬುದು ಎಲ್ಲರಿಗೂ ಗೊತ್ತು. ಆಗಿನಿಂದ ರಮೋನಾ ಪ್ರತಿ ಸೋಮವಾರ ಸಂಜೆ ಸಿಲ್ವಿಯೊನ ಕಿಟಕಿ ಪಕ್ಕದ ಮೇಜಿನಲ್ಲಿ. ಗಂಡಸು ಹೆಣ್ಣಿನ ಕಾರಣವಿಲ್ಲದೆ ರಜೆ ಬದಲಾಯಿಸುತ್ತಾನೆಯೇ ಎಂದು ಊರು ಕಣ್ಣು ಮಿಟುಕಿಸಿತು. ಸಿಲ್ವಿಯೊ ಹೆಂಡತಿಯಿಂದ ಬೇರೆಯಾದವನು, ಮೀಸೆಗೆ ಎಣ್ಣೆ ಹಚ್ಚುವವನು. ಸಾಲದೇ?

*

ತಿಂಗಳಿಗೊಮ್ಮೆ ಬೆನ್ನೊ ರಮೋನಾಳ ಅಂಗಡಿಯ ಕುರ್ಚಿಯಲ್ಲಿ ಕೂರುತ್ತಿದ್ದ. ಅವನ ಕೂದಲು ಅಷ್ಟು ಬೇಗ ಬೆಳೆಯುತ್ತಿರಲಿಲ್ಲ, ಆದರೂ ಹೋಗುತ್ತಿದ್ದ.

“ನೆತ್ತಿ ಮೇಲೆ ಸ್ವಲ್ಪ ಜಾಸ್ತಿ ತೆಗೀಲಾ?” ಅವಳ ಬೆರಳು ಅವನ ಕೂದಲಿನೊಳಗೆ ನಿಧಾನವಾಗಿ ಹರಿಯಿತು.

“ನಿಮ್ಮಿಷ್ಟ.”

“ಯಾವಾಗ್ಲೂ ನಿಮ್ಮಿಷ್ಟ, ನಿಮ್ಮಿಷ್ಟ. ನಿಮಗೆ ಅಂತ ಒಂದಾದರೂ ಇಷ್ಟ ಇಲ್ವಾ ಬೆನ್ನೊ?”

ಕನ್ನಡಿಯಲ್ಲಿ ಅವಳ ಕಣ್ಣು ಅವನ ಕಣ್ಣಿಗೆ ಸಿಕ್ಕಿತು. ಕಂದು ಕಣ್ಣು, ಎಡಗಣ್ಣಿನ ಕೆಳಗೆ ಚಿಕ್ಕದೊಂದು ಮಚ್ಚೆ. ಬೆನ್ನೊ ತಟಕ್ಕನೆ ಕನ್ನಡಿಯಿಂದ ಶಾಂಪೂ ಬಾಟಲಿಗಳತ್ತ ನೋಟ ಹೊರಳಿಸಿದ. ಬಾಟಲಿಗಳು ಅವನನ್ನು ಏನೂ ಕೇಳುವುದಿಲ್ಲ.

ಅವಳು ಅವನ ಕಿವಿಯನ್ನು ಬಗ್ಗಿಸಿ ಹಿಂದಿನ ಕೂದಲು ಕತ್ತರಿಸಿದಳು. ಕತ್ತಿನ ಮೇಲೆ ಬಿದ್ದ ಚೂರುಗಳನ್ನು ಬಾಯಿಂದ ಊದಿದಳು. ಬೇರೆ ಗಿರಾಕಿಗಳಿಗೆ ಬ್ರಷ್ ಇತ್ತು. ಇದನ್ನು ಬೆನ್ನೊ ಗಮನಿಸಬೇಕಿತ್ತು, ಗಮನಿಸಲಿಲ್ಲ.

“ಸೋಮವಾರ ರಜೆ ದಿನ ಏನು ಮಾಡ್ತೀರಿ?” ಎಂದಳು.

“ಏನಿಲ್ಲ. ಹೊಳೆ ದಂಡೇಲಿ ಸುತ್ತಾಡ್ತೀನಿ.”

“ಒಬ್ಬರೇನಾ?”

“ಮತ್ತೆ?”

“ನನಗೂ ಸೋಮವಾರವೇ ರಜೆ.”

ಅವಳು ಕತ್ತರಿ ನಿಲ್ಲಿಸಿ ಕಾದಳು. ಬೀದಿಯಲ್ಲಿ ಹೋಗುವವನಿಗೂ ಅರ್ಥವಾಗುವಂಥ ಮಾತದು. ಬೆನ್ನೊನ ತಲೆಯೊಳಗೆ ಮಾತ್ರ ಎಣ್ಣೆ ಮೀಸೆಯೊಂದು ಕುಣಿಯುತ್ತಿತ್ತು.

“ಗೊತ್ತು” ಎಂದ ಹುಳಿ ಮುಖದಲ್ಲಿ. “ಕಿಟಕಿ ಪಕ್ಕದ ಮೇಜು ಖಾಲಿ ಇಟ್ಟಿರ್ತಾರಲ್ಲ ನಿಮಗೆ.”

ಕತ್ತರಿ ಮತ್ತೆ ಓಡತೊಡಗಿತು, ಮೊದಲಿಗಿಂತ ಜೋರಾಗಿ. ಆ ತಿಂಗಳು ಬೆನ್ನೊನ ಎಡಗಿವಿಯ ಮೇಲಿನ ಕೂದಲು ಬಲಗಿವಿಗಿಂತ ಗಿಡ್ಡವಾಗಿತ್ತು.

*

ಸೋಮವಾರ ಸಂಜೆ ಅವನು ಎಂದಿನಂತೆ ಅಡುಗೆಮನೆಯ ಹಿಂಬಾಗಿಲಿನಿಂದ ಹೊರಬಿದ್ದ. ಮುಂಬಾಗಿಲು ಗಿರಾಕಿಗಳದು. ಅಡುಗೆಯವನ ಬೂಟಿನ ಜಿಡ್ಡು ಗಿರಾಕಿಗಳ ನೆಲಕ್ಕೆ ತಾಗಬಾರದೆಂದು ಅಪ್ಪ ಕಲಿಸಿದ್ದ. ಹೋಟೆಲಿನ ಮೇಲೆಯೇ ಮನೆಯಿದ್ದರೂ, ರಜೆಯ ದಿನವಾದರೂ, ಬೆನ್ನೊ ಆ ಬಾಗಿಲನ್ನು ಬಳಸಿದವನಲ್ಲ.

ಹೊಳೆ ದಂಡೆಯಲ್ಲಿ ನಡೆದು, ಊರಿನ ಹಳೆಯ ಗೋಪುರದ ಕೆಳಗಿನ ಮೆಟ್ಟಿಲು ಹತ್ತಿ, ಎರಡು ಹೋಟೆಲುಗಳ ನಡುವಿನ ಚೌಕದ ಮೂಲೆಗೆ ಬಂದು ಕಳ್ಳನಂತೆ ಇಣುಕಿದ. ಅವಳು ಅಲ್ಲೇ ಇದ್ದಳು. ನೀಲಿ ಸ್ವೆಟರ್, ಎತ್ತಿ ಕಟ್ಟಿದ ಕೂದಲು, ಗಲ್ಲಕ್ಕೆ ಕೈ. ಸಿಲ್ವಿಯೊ ಬಾಗಿ ಏನೋ ಹೇಳಿದ. ಅವಳು ನಕ್ಕಳು.

ಅವಳು ಬೇರೆಯವರ ಬಳಿ ಉಣ್ಣುವುದು ಅವಳ ಕಸುಬು, ಅದನ್ನವನು ಹೇಗೋ ಸಹಿಸಿದ್ದ. ಆ ನಗುವನ್ನು ಸಹಿಸಲಾಗಲಿಲ್ಲ. ಆ ನಗು ತನ್ನ ಮೇಜಿನಲ್ಲಿ ಆಗಬೇಕಿತ್ತು, ತನ್ನ ಸೂಪಿನ ಎದುರಿಗೆ.

ಮರುದಿನವೇ ಬಾಗಿಲಿಗೆ ಹಲಗೆ ತೂಗುಹಾಕಿದ. ‘ಮುಂದಿನ ವಾರದಿಂದ ಸೋಮವಾರ ತೆರೆದಿರುತ್ತದೆ. ಮಂಗಳವಾರ ರಜೆ.’

“ನಿನ್ನಪ್ಪ ಇದ್ದಿದ್ರೆ ಸೌಟಲ್ಲಿ ಹೊಡೀತಿದ್ದ” ಎಂದಳು ಚಿಕ್ಕಮ್ಮ.

“ಸಿಲ್ವಿಯೊಗೆ ಸೋಮವಾರ ತೆಗೆಯೋಕಾಗುತ್ತೆ, ನನಗಾಗಲ್ವಾ?”

“ಆಗುತ್ತಪ್ಪ. ಅವಳನ್ನ ಮಾತಾಡಿಸೋದೊಂದು ಬಿಟ್ಟು ಎಲ್ಲಾ ಆಗುತ್ತೆ ನಿನಗೆ.”

ಶುಕ್ರವಾರ ರಮೋನಾ ಸೂಪಿಗೆ ಬಂದಳು. ಒಳಗೆ ಬರುವ ಮೊದಲು ಹಲಗೆಯ ಮುಂದೆ ಬಹಳ ಹೊತ್ತು ನಿಂತಳು. ಬೆನ್ನೊ ತಾನೇ ಬಟ್ಟಲು ತಂದಿಟ್ಟ. ಅವಳು ಚಮಚ ಮುಟ್ಟಲಿಲ್ಲ.

“ಮಂಗಳವಾರ ನನ್ನ ಅಂಗಡಿ ತೆಗೆದಿರುತ್ತೆ” ಎಂದಳು.

“ಹೌದು.”

“ಬೆಳಿಗ್ಗೆಯಿಂದ ಸಂಜೆವರೆಗೆ.”

“ಗೊತ್ತು. ಅದಕ್ಕೇ ತಾನೆ ಸೋಮವಾರ ತೆಗೀತಿರೋದು. ನಿಮಗೆ ಆರಿಸ್ಕೊಳ್ಳೋಕೆ ಎರಡು ಹೋಟೆಲಾಯ್ತು.”

ಅವಳ ಮುಖ ಬಾಡಿಹೋಯಿತು. “ನಿಮ್ಮಿಷ್ಟ ಬೆನ್ನೊ” ಎಂದು ಕೋಟು ಹಾಕಿಕೊಂಡು ಹೊರಟಳು. ಸಿಲ್ವಿಯೊನ ವ್ಯಾಪಾರ ಕೆಡುತ್ತದೆಂದು ಇವಳಿಗೆ ಇಷ್ಟು ಸಂಕಟವೇ ಎಂದು ಬೆನ್ನೊ ಆ ಬಟ್ಟಲನ್ನೇ ದಿಟ್ಟಿಸಿದ. ಅವಳು ಸೂಪು ಬಿಟ್ಟು ಎದ್ದುಹೋದದ್ದು ಅದೇ ಮೊದಲು.

*

ಆ ಸೋಮವಾರ ಹೋಟೆಲು ತುಂಬಿ ತುಳುಕಿತು. ತಲೆಮಾರಿನ ರಜೆ ಮುರಿದವನ ಮುಖ ನೋಡಲು ಊರಿಗೆ ಊರೇ ಬಂದಿತ್ತು. ಬಾರದವಳು ಒಬ್ಬಳೇ.

ಬಡಿಸುವ ಕಿಂಡಿಯಿಂದ ಬಗ್ಗಿದರೆ ಚೌಕದಾಚೆಯ ಕಿಟಕಿ ಕಾಣುತ್ತಿತ್ತು. ನೀಲಿ ಸ್ವೆಟರ್. ಗಲ್ಲಕ್ಕೆ ಕೈ. ಎರಡು ಹೋಟೆಲು ತೆರೆದಿದ್ದರೂ ಅವಳು ಆರಿಸಿಕೊಂಡದ್ದು ಅದನ್ನೇ. ಇನ್ನೇನು ತಿಳಿಯಬೇಕು? ಸೋತೆ ಎಂದುಕೊಂಡ ಬೆನ್ನೊ. ಬಾಣಲೆಯಲ್ಲಿದ್ದ ಮಾಂಸದ ತುಂಡನ್ನು ಅದು ಮಾಡದ ತಪ್ಪಿಗೆ ಚುಚ್ಚಿದ.

ಹಿಂಬಾಗಿಲು ದಡಾರನೆ ತೆರೆಯಿತು. ಕೈಯಲ್ಲಿ ಖಾಲಿ ಬಟ್ಟಲು ಹಿಡಿದು ಸಿಲ್ವಿಯೊ ನಿಂತಿದ್ದ.

“ಒಂದು ಸೂಪು ಹಾಕಿ ಕೊಡು ಮಾರಾಯ. ಅವಳು ನಂದೇನೂ ಮುಟ್ತಿಲ್ಲ. ಮೂಗು ಒರೆಸಿಕೊಳ್ತಾ ಕೂತಿದಾಳೆ, ನೋಡಿದ ಗಿರಾಕಿಗಳು ನನ್ನ ಸಾಸಿವೆ ಅಷ್ಟು ಖಾರವಾ ಅಂತ ಕೇಳ್ತಿದಾರೆ.”

“ನಿನ್ನವಳನ್ನ ನೀನೇ ಸಮಾಧಾನ ಮಾಡ್ಕೊ.”

“ನನ್ನವಳಾ?” ಸಿಲ್ವಿಯೊನ ಮೀಸೆ ಎರಡು ದಿಕ್ಕಿಗೆ ಎದ್ದಿತು. “ಅಯ್ಯೋ ದಡ್ಡ ಶಿಖಾಮಣಿ! ವಸಂತದಿಂದ ಪ್ರತಿ ಸೋಮವಾರ ಆ ಮೇಜಲ್ಲಿ ಕೂತು ಅವಳು ನೋಡೋದು ನನ್ನನ್ನಲ್ಲ, ನಿನ್ನ ಮುಂಬಾಗಿಲನ್ನ. ಇಬ್ಬರಿಗೂ ಒಂದೇ ದಿನ ರಜೆ, ಇವತ್ತಾದರೂ ಹೊರಗೆ ಬರ್ತಾನೆ, ಅಕಸ್ಮಾತ್ತಾಗಿ ಸಿಕ್ಕಿದ ಹಾಗೆ ಎದುರಿಗೆ ಹೋಗ್ತೀನಿ ಅಂತ. ಒಂದು ದಿನಾನಾದರೂ ಬಂದ್ಯಾ?”

ಬೆನ್ನೊ ಸಿಲ್ವಿಯೊನ ಹಿಂದಿದ್ದ ಬಾಗಿಲಿನತ್ತ ನೋಡಿದ. “ನಾನು ಹಿಂಬಾಗಿಲಿಂದ ಹೋಗೋದು.”

ಸಿಲ್ವಿಯೊ ಅವನನ್ನು ನೋಡಿದ. ಊರ್ಸುಲಾ ಚಿಕ್ಕಮ್ಮ ತಟ್ಟೆ ಹಿಡಿದುಕೊಂಡೇ ಹಣೆ ಚಚ್ಚಿಕೊಂಡಳು.

“ಮತ್ತೆ ನೀನು ರಜೆ ಬದಲಾಯಿಸಿದ್ದು?” ಬೆನ್ನೊ ತೊದಲಿದ. “ನಗಿಸ್ತಿದ್ದಿದ್ದು?”

“ಮಂಗಳವಾರ ಚರ್ಚಲ್ಲಿ ಹಾಡೋ ತಂಡದ ಅಭ್ಯಾಸ” ಎಂದ ಸಿಲ್ವಿಯೊ, ಕಿವಿ ಕೆಂಪಗೆ ಮಾಡಿಕೊಂಡು. “ಆರ್ಗನ್ ನುಡಿಸೋ ಡಾಗ್ಮಾರ್ ಇದಾಳಲ್ಲ... ನನ್ನ ರಾಗ ಕೇಳಿ ಎಂಥವರೂ ನಗ್ತಾರೆ, ರಮೋನಾನೂ ನಕ್ಕಳು. ಈಗ ಸೂಪು ಕೊಡ್ತೀಯೋ ಇಲ್ವೋ?”

ಬೆನ್ನೊ ಸೂಪು ಹಾಕಿದ. ಮಾಂಸದ ಪುಟ್ಟ ಉಂಡೆಗಳು, ಹಾಲು ಮೊಟ್ಟೆ ಬೆರೆಸಿ ಬೇಯಿಸಿದ ಹಳದಿ ಚೌಕಗಳು, ಮೇಲೆ ಹೆಚ್ಚಿದ ಸೊಪ್ಪು. ಸಿಲ್ವಿಯೊ ಕೈಚಾಚಿದರೆ ಕೊಡಲಿಲ್ಲ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಜಿಡ್ಡಿನ ಏಪ್ರನ್ನಿನಲ್ಲೇ, ಜಿಡ್ಡಿನ ಬೂಟಿನಲ್ಲೇ, ತುಂಬಿದ ಮೇಜುಗಳ ನಡುವೆ ಹಾದು ಗಿರಾಕಿಗಳ ಬಾಗಿಲಿನಿಂದ ಹೊರಗೆ ಕಾಲಿಟ್ಟ.

ಚೌಕದಾಚೆ, ಕಿಟಕಿಯಲ್ಲಿ, ಗಲ್ಲದ ಮೇಲಿನ ಕೈ ಕೆಳಗಿಳಿಯಿತು.

ಅವನು ಅವಳ ಮುಂದೆ ಬಟ್ಟಲಿಟ್ಟ. ಅರ್ಧ ಸೂಪು ದಾರಿಯಲ್ಲೇ ಚೆಲ್ಲಿತ್ತು.

“ಬೆನ್ನೊ, ನಿಮ್ಮ ಹೋಟೆಲು ತುಂಬಿದೆ.”

“ಕಾಯ್ಲಿ.” ಎದುರಿನ ಕುರ್ಚಿ ಎಳೆದು ಕುಳಿತ. “ನಾನು ಹಿಂಬಾಗಿಲಿಂದ ಹೋಗ್ತಿದ್ದೆ. ಪ್ರತಿ ಸೋಮವಾರ ಆ ಮೂಲೇಲಿ ನಿಂತು ನಿಮ್ಮನ್ನ ನೋಡಿ, ಹೊಟ್ಟೆ ಉರಿಸ್ಕೊಂಡು ಮನೆಗೆ ಹೋಗ್ತಿದ್ದೆ.”

“ಆ ಮೂಲೇಲಾ? ನಾನು ಈ ಕಡೆ ನಿಮ್ಮ ಬಾಗಿಲು ನೋಡ್ತಿರುವಾಗ?” ಅವಳು ಒದ್ದೆ ಕಣ್ಣಲ್ಲೇ ನಗತೊಡಗಿದಳು. ಅದೇ ನಗು. ಇಷ್ಟು ಹತ್ತಿರದಿಂದ ಅದರಲ್ಲಿ ಸಣ್ಣದೊಂದು ಬಿಕ್ಕಳಿಕೆಯೂ ಇತ್ತು.

“ಮತ್ತೆ ನನಗೆ ಎರಡೇ ಸಾಲು ಯಾಕೆ?” ಬೆನ್ನೊನಿಗೆ ಅದನ್ನು ಕೇಳದೆ ತಡೆಯಲಾಗಲಿಲ್ಲ.

“ಮೊದಲು ಪುಟಗಟ್ಟಲೆ ಬರೆದೆ. ಓದಿದರೆ ಸೂಪಿನ ಬಗ್ಗೆ ಒಂದು ಮಾತಿರಲಿಲ್ಲ. ಅದನ್ನ ತಂದು ಬಡಿಸೋ ಕೈ, ಶಾಂಪೂ ಬಾಟಲಿ ನೋಡೋ ಕಣ್ಣು, ಬರೀ ಅದೇ. ಅಚ್ಚು ಹಾಕಿದ್ರೆ ಊರಲ್ಲಿ ಮುಖ ತೋರಿಸೋಕಾಗ್ತಿತ್ತಾ? ಹರಿದುಹಾಕಿದೆ. ಉಳಿದಿದ್ದು ಎರಡು ಸಾಲು.”

ಬೆನ್ನೊ ಮೇಜಿನ ಮೇಲಿದ್ದ ಅವಳ ಕೈ ಹಿಡಿದ. ಕತ್ತರಿಯ ಹಿಡಿ ಉಜ್ಜಿ ಉಜ್ಜಿ ಹೆಬ್ಬೆರಳು ಗಟ್ಟಿಯಾಗಿತ್ತು. ಈ ಸಲ ಅವನು ಬೇರೆಲ್ಲೂ ನೋಡಲಿಲ್ಲ.

“ನನಗೂ ಒಂದು ಇಷ್ಟ ಇದೆ” ಎಂದ. “ನೀನು.”

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಕೈಯಲ್ಲಿ ಚಮಚ ತೆಗೆದುಕೊಂಡು ಉಳಿದಿದ್ದ ಸೂಪನ್ನು ಕುಡಿದಳು, ಕಣ್ಣನ್ನು ಅವನ ಮುಖದಿಂದ ಕೀಳದೆ. ಎದುರಿನ ಹೋಟೆಲಿನ ಕಿಟಕಿಗಳ ತುಂಬ ಮುಖಗಳು. ನಡುವೆ ಊರ್ಸುಲಾ ಚಿಕ್ಕಮ್ಮ, ಅವಳ ಹಿಂದೆ ಬೆನ್ನೊನ ಸೌಟು ಹಿಡಿದ ಸಿಲ್ವಿಯೊ.

“ನನ್ನ ಒಲೆ ಮುಂದೆ ಅವನು!” ಬೆನ್ನೊ ಅರ್ಧ ಎದ್ದ. “ನನ್ನ ಗಿರಾಕಿಗಳಿಗೆ ಅವನ ಕೈಯಡುಗೆ ರುಚಿಸಿಬಿಟ್ರೆ?”

“ಕೂತ್ಕೋ” ಎಂದಳು ರಮೋನಾ.

ಕುಳಿತ. ಆದರೂ ಕೇಳಿದ, “ಮುಂದಿನ ವರ್ಷದ ಪುಸ್ತಕದಲ್ಲೂ ಅವನಿಗೆ ಒಂದು ಪುಟಾನಾ?”

“ಹೂಂ. ಅಡುಗೆ ಚೆನ್ನಾಗಿ ಮಾಡ್ತಾನೆ.”

“ನನಗೆ?”

“ಎರಡು ಸಾಲು. ಒಂದು ಅಕ್ಷರ ಜಾಸ್ತಿ ಇಲ್ಲ. ಆದ್ರೆ ಎರಡನೇ ಸಾಲು ಈಗ ಸುಳ್ಳಾಗಿದೆಯಲ್ಲ, ಬದಲಾಯಿಸ್ಬೇಕು.”

ಬೆನ್ನೊ ಎದ್ದ. ಊರೆಲ್ಲ ನೋಡುತ್ತಿರುವಂತೆಯೇ ಚೌಕ ದಾಟಿ, ತನ್ನ ಬಾಗಿಲಿನ ಹಲಗೆಯನ್ನು ಮೊಳೆಯಿಂದ ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ಮರಳಿ ಬಂದ.

“ಬದಲಾಯಿಸ್ಬೇಡ” ಎಂದ. “ಹಾಗೇ ಇರಲಿ.”