ಮೂರು ಒಣ ಬಕೆಟ್

ಡೆಲ್ಫೀನ್ ಗೊಡೆಟ್‌ಗೆ ವಿಜ್ಞಾನ ಕಲಿಸಲು ವಾರಕ್ಕೆ ನಲವತ್ತು ನಿಮಿಷಕ್ಕಿಂತ ಹೆಚ್ಚು ಸಮಯ ಇರಲಿಲ್ಲ. ಅಮೆರಿಕದ ವರ್ಮಾಂಟಿನ ಆ ಸಣ್ಣ ಶಾಲೆಯಲ್ಲಿ ಮೂರನೆಯ ತರಗತಿಗೆ ಅವಳೊಬ್ಬಳೇ ಟೀಚರ್. ಆ ನಲವತ್ತು ನಿಮಿಷವನ್ನೂ ಕಿತ್ತು ಓದಿನ ಪಾಠಕ್ಕೆ ಸೇರಿಸುವ ಯೋಚನೆ ಪ್ರಿನ್ಸಿಪಾಲ್ ಹ್ಯಾಲೊಕ್ ಅವರಿಗಿತ್ತು.

ಆಗ ಯೂನಿವರ್ಸಿಟಿಯಿಂದ ವಾರೆನ್ ಪೆಲ್ಕಿ ಬಂದ. ಸಮಸ್ಯೆಯನ್ನು ಚಿಕ್ಕ ಹೆಜ್ಜೆಗಳಾಗಿ ಒಡೆದು, ನಿಯಮ ಬರೆದು, ನಿಯಮ ಸುಳ್ಳಾದಾಗ ತಿದ್ದುವುದು ಕಂಪ್ಯೂಟರ್‌ನವರ ಯೋಚನೆಯ ರೀತಿ. ಅದನ್ನು ವಿಜ್ಞಾನದ ಪಾಠದೊಳಗೆ ತರಲು ಟೀಚರುಗಳಿಗೆ ನೆರವಾಗುವುದು ಅವನ ಕೆಲಸ. ಈ ಶಾಲೆಗೆ ಅವನು ಬರುವ ದಿನ ಮಂಗಳವಾರ.

ಮೊದಲ ದಿನ ಅವಳು ಮಾರ್ಕರ್ ಚಾಚಿ, ನೀವೇ ಮಾಡಿ ತೋರಿಸಿ ಅಂದಳು. ಅವನು ಎರಡೂ ಕೈ ಕೋಟಿನ ಜೇಬಿಗಿಳಿಸಿ ಹೀಟರ್ ಪಕ್ಕ ನಿಂತ. ಕೆಲವರು ನಿಂತು ನಿಂತೇ ಡಿಗ್ರಿ ತಗೊಂಡಿರ್ತಾರೆ ಎಂದು ಅವಳು ಸ್ಟಾಫ್ ರೂಮಿನಲ್ಲಿ ಅವನಿಗೆ ಕೇಳುವ ಹಾಗೆಯೇ ಹೇಳಿದಳು.

ಮೂಲೆಯ ಕುರ್ಚಿಯಿಂದ ಅವನು ಎದ್ದು ಬಂದ. "ಮಾರ್ಕರ್ ನಾನು ಹಿಡಿದರೆ ಪಾಠ ನಂದಾಗುತ್ತೆ. ನಾನು ಹೋದ ಮೇಲೆ ನಿಮ್ಮ ಹತ್ರ ಏನೂ ಉಳಿಯಲ್ಲ."

"ಚೆನ್ನಾಗಿ ಬಾಯಿಪಾಠ ಮಾಡಿದೀರ."

"ಕನ್ನಡಿ ಮುಂದೆ."

ಅವಳಿಗೆ ನಗು ತಡೆಯಲಾಗಲಿಲ್ಲ.

ಪಾಠ ಅವಳದೇ ಆಯಿತು. ಅಂಗಳದ ಆರು ಮೇಪಲ್ ಮರಗಳ ಕಾಂಡಕ್ಕೆ ತೂತು ಕೊರೆದು, ಇಳಿಯುವ ಸಿಹಿ ರಸ ಹಿಡಿಯಲು ಮಕ್ಕಳು ಬಕೆಟ್ ತೂಗುಹಾಕಿದರು. ರಾತ್ರಿಯ ಚಳಿ, ಹಗಲಿನ ಬಿಸಿ ಬರೆದಿಟ್ಟರು. ಎರಡು ವಾರದ ಅಂಕಿಗಳನ್ನು ನೋಡಿ ಗೋಡೆಯ ಮೇಲೆ ಕಾರ್ಡು ಅಂಟಿಸಿದರು: ರಾತ್ರಿ ನೀರು ಹೆಪ್ಪುಗಟ್ಟಿ, ಹಗಲು ಕರಗಿದರೆ ರಸ ಇಳಿಯುತ್ತದೆ. ಇಲ್ಲದಿದ್ದರೆ ಇಲ್ಲ.

ವಾರೆನ್ ಕಾರ್ಡುಗಳನ್ನು ತುಟಿ ಅಲುಗಿಸುತ್ತ ಓದುತ್ತಿದ್ದ. ಅವನ ರೆಪ್ಪೆಗಳ ಮೇಲೆ ಹಿಮದ ಪುಡಿ ಇನ್ನೂ ಕರಗಿರಲಿಲ್ಲ. ಡೆಲ್ಫೀನ್ ನೋಡುತ್ತ ನಿಂತುಬಿಟ್ಟಳು. ಅವನು ತಿರುಗಿದಾಗ ಸ್ಟೇಪ್ಲರ್ ಹುಡುಕುವವಳಂತೆ ಬಗ್ಗಿದಳು. ಸ್ಟೇಪ್ಲರ್ ಕೈಯಲ್ಲೇ ಇತ್ತು. ಅದು ಕಂಡು ಅವನ ಕಿವಿ ಕೆಂಪಾಯಿತು.

ಮಾರ್ಚ್ ಕೊನೆಗೆ ಒಂದು ಬೆಳಿಗ್ಗೆ ಹ್ಯಾಲೊಕ್ ಪಾಠ ನೋಡಲು ಬಂದರು. ಅವತ್ತೇ ನಿರ್ಧಾರ ಎಂದು ಮೊದಲೇ ಹೇಳಿದ್ದರು. ನಿಯಮದ ಪ್ರಕಾರ ರಸ ಇಳಿಯಬೇಕು. ಮೂರು ಬಕೆಟ್‌ಗಳಲ್ಲಿ ಟಪ್ ಟಪ್ ಸದ್ದು. ಉಳಿದ ಮೂರು ಒಣಗಿದ್ದವು.

"ಮರ ಸುಳ್ಳು ಹೇಳ್ತಿದೆ," ಅಂದಳು ಟೆಸ್ ಎಂಬ ಹುಡುಗಿ.

ಹ್ಯಾಲೊಕ್ ಗಡಿಯಾರ ನೋಡಿಕೊಂಡರು. ವಾರೆನ್ ಒಂದು ಹೆಜ್ಜೆ ಮುಂದಿಟ್ಟ. ಅವನಿಗೆ ಉತ್ತರ ಗೊತ್ತಿತ್ತು, ಅವನ ಮುಖವೇ ಹೇಳುತ್ತಿತ್ತು. ಡೆಲ್ಫೀನ್ ಅವನತ್ತ ನೋಡಿ ತಲೆಯಾಡಿಸಿದಳು, ಬೇಡ. ಅವನು ನಿಂತ.

"ಮರ ಸುಳ್ಳು ಹೇಳಲ್ಲ, ನಮ್ಮ ನಿಯಮ ಪೂರ್ತಿ ಆಗಿಲ್ಲ," ಅಂದಳು. "ಒಣಗಿರೋ ಮೂರೂ ಎಲ್ಲಿವೆ ನೋಡಿ."

ಮಕ್ಕಳು ಓಡಿದರು. ಮೂರೂ ಜಿಮ್ ಕಟ್ಟಡದ ಪಶ್ಚಿಮಕ್ಕಿದ್ದವು, ನೆರಳಲ್ಲಿ. ಟೆಸ್ ಮಂಡಿಯ ಮೇಲೆ ಹೊಸ ಕಾರ್ಡು ಇಟ್ಟು ಬರೆದಳು: ಮರಕ್ಕೆ ಬಿಸಿಲು ಬಿದ್ದಿದೆಯಾ? ಹಾಗಾದರೆ ಊಟದ ನಂತರ ಆ ಮೂರರಲ್ಲೂ ರಸ ಬರಬೇಕು ಎಂದು ಇಡೀ ತರಗತಿ ಭವಿಷ್ಯ ನುಡಿಯಿತು. ಹ್ಯಾಲೊಕ್ ಮೀಟಿಂಗ್ ಮುಂದೂಡಿ ಕಾದರು.

ಒಂದೂವರೆಗೆ ಬಿಸಿಲು ಆ ಕಡೆ ತಿರುಗಿತು. ಎರಡೂಕಾಲಿಗೆ ಮೊದಲ ಹನಿ. ಮಕ್ಕಳ ಕೂಗಿಗೆ ಅಡುಗೆಮನೆಯವರೂ ಹೊರಗೆ ಬಂದರು. ಹ್ಯಾಲೊಕ್ ಬೆರಳಲ್ಲಿ ರಸ ಮುಟ್ಟಿ ನೆಕ್ಕಿ, ಮುಂದಿನ ವರ್ಷ ವಾರಕ್ಕೆ ಎರಡು ದಿನ ತಗೊಳ್ಳಿ ಅಂದು ಒಳಗೆ ಹೋದರು.

ಅಂಗಳ ಖಾಲಿಯಾದ ಮೇಲೆ ವಾರೆನ್ ಹೇಳಿದ, "ಈ ಶಾಲೆ ಬೇರೆಯವರಿಗೆ ಕೊಡಿ ಅಂತ ಇವತ್ತೇ ಆಫೀಸಿಗೆ ಹೇಳ್ತೀನಿ."

ಅವಳ ಮುಖ ಇಳಿಯಿತು. ತನ್ನಿಂದೇನು ತಪ್ಪಾಯಿತು ಎಂದು ಕೇಳಿದಳು.

"ನಿಮ್ಮ ಪಾಠದ ವರದಿ ನಾನು ಬರೀಬೇಕು. ನಾನು ಪ್ರೀತಿಸೋ ಹೆಂಗಸಿನ ಬಗ್ಗೆ ನಾನೇ ವರದಿ ಬರೆದರೆ ಅದು ಮೋಸ."

ಅವಳು ಬಕೆಟ್ಟಿನ ಹಿಡಿಯನ್ನು ಎರಡು ಸಲ ತಿರುಗಿಸಿದಳು. "ವರದಿ ಚೆನ್ನಾಗಿರ್ತಿತ್ತಾ?"

"ಯಾರೂ ನಂಬದಷ್ಟು."

"ಶನಿವಾರ ನಮ್ಮಮ್ಮನ ಮನೆಗೆ ಬಾ. ಮೇಪಲ್ ಪಾಕ ಕಾಯಿಸಿ ಹಿಮದ ಮೇಲೆ ಹುಯ್ತಾಳೆ, ಅಂಟು ಮಿಠಾಯಿ ಆಗುತ್ತೆ. ಜೊತೆಗೆ ಸೌತೆಕಾಯಿ ಉಪ್ಪಿನಕಾಯಿ ತಿನ್ನಬೇಕು. ಮೂತಿ ಸಿಂಡರಿಸಿದರೆ ಅಷ್ಟೇ, ಅಲ್ಲಿಂದಲೇ ವಾಪಸ್."

"ನಾನೂ ಇದೇ ಊರ ಕಡೆಯವನು, ಡೆಲ್ಫೀನ್," ಅಂದ ಅವನು. ಅವಳು ಅವನ ಕಾಲರ್ ಹಿಡಿದೆಳೆದು ಮುತ್ತು ಕೊಟ್ಟಳು.

ಮುಂದಿನ ವಾರದಿಂದ ಶಾಲೆಗೆ ಬೇರೆಯವರು ಬಂದರು, ಒಳ್ಳೆಯ ಹೆಂಗಸು. ಜೂನ್‌ನಲ್ಲಿ ಶಾಲೆ ಮುಗಿಯುವಷ್ಟರಲ್ಲಿ, ವಾರೆನ್ ಶಾಲೆಗೆ ಬಾರದೆ ಡೆಲ್ಫೀನ್‌ಗೆ ಹೋದದ್ದು ಒಟ್ಟು ಹನ್ನೊಂದು ಮಂಗಳವಾರ. ಶನಿವಾರ ಒಂದೂ ಹೋಗಲಿಲ್ಲ.